ಇದು ಹಂಸವೋ, ಹೆಬ್ಬಾತೋ? ಜೋಡಿ ಕೊಳ್ಳುವ ಮೊದಲು ಕೇಳುತ್ತಿದ್ದೇನೆ

ಕಬ್ಬಿನ ತೋಟ (ಜಮಖಂಡಿ):
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ತೋಟದಲ್ಲಿ ಕೃಷಿಹೊಂಡ ತೆಗೆಸಿದೆವು. ನೀರು ಚೆನ್ನಾಗಿ ನಿಂತಿದೆ, ದಂಡೆಗೆ ಹುಲ್ಲೂ ಬಂದಿದೆ. ಅದರಲ್ಲಿ ಎರಡು ಹಂಸ ಬಿಡಬೇಕು ಅಂತ ಮಕ್ಕಳ ಹಟ. ಬೆಳಗಾವಿ ಕಡೆಯ ಒಬ್ಬ ಮಾರಾಟಗಾರ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ್ದಾನೆ. "ಅಸಲಿ ರಾಜಹಂಸ, ಫಾರಿನ್ ತಳಿ" ಅಂತ ಹೇಳುತ್ತಾನೆ. ಅವನು ಹೇಳುವ ರೇಟಿಗೆ ಒಂದು ಒಳ್ಳೆ ಎಮ್ಮೆ ಕರು ಬರುತ್ತದೆ. ಹಕ್ಕಿ ಪೂರ್ತಿ ಬಿಳಿ. ಕುತ್ತಿಗೆ ಉದ್ದ, ಕೊಕ್ಕು ಕಿತ್ತಳೆ ಬಣ್ಣ, ಕೊಕ್ಕಿನ ಬುಡದಲ್ಲಿ ಒಂದು ಗಂಟು. ನೆಟ್‌ನಲ್ಲಿ ಹಂಸದ ಚಿತ್ರ ಹುಡುಕಿದರೆ ಅಲ್ಲೂ ಕಿತ್ತಳೆ ಕೊಕ್ಕು, ಅಲ್ಲೂ ಗಂಟು. ನಮ್ಮ ಸೋದರಮಾವ ಮಾತ್ರ "ಬಾತುಕೋಳಿ ಅದು, ಸುಮ್ನೆ ರೊಕ್ಕ ಹಾಳು ಮಾಡಬೇಡ" ಅನ್ನುತ್ತಿದ್ದಾರೆ. ಬಲ್ಲವರು ಹೇಳಿ.

ಗುಮ್ಮಟ ನಗರಿ (ವಿಜಯಪುರ):
ಹಾಲಿಗೆ ನೀರು ಬೆರೆಸಿ ಮುಂದೆ ಇಡಿ. ಹಾಲು ಮಾತ್ರ ಕುಡಿದರೆ ಹಂಸ. ಎರಡೂ ಕುಡಿದರೆ ಬಾತು. ಏನೂ ಕುಡಿಯದೆ ನಿಮ್ಮ ಕೈಗೇ ಬಾಯಿ ಹಾಕಿದರೆ ಹೆಬ್ಬಾತು.

ಹಿನ್ನೀರ ಹಕ್ಕಿ (ಬಾಗಲಕೋಟೆ):
ತೋಟದ ಅಣ್ಣಾ, ಫೋಟೊ ಜೂಮ್ ಮಾಡಿ ಮೂರು ವಿಷಯ ನೋಡಿ ಹೇಳಿ. ಗಂಟು ಯಾವ ಬಣ್ಣ? ಕಣ್ಣಿಗೂ ಕೊಕ್ಕಿಗೂ ನಡುವೆ ಗರಿ ಇದೆಯಾ, ಬೋಳು ಚರ್ಮವಾ? ಕಾಲು ಯಾವ ಬಣ್ಣ?

ಕಬ್ಬಿನ ತೋಟ (ಜಮಖಂಡಿ):
ಗಂಟು ಕೊಕ್ಕಿನ ಹಾಗೇ ಕಿತ್ತಳೆ. ಹಣೆಯ ಮೇಲೆ ಉಬ್ಬಿಕೊಂಡಿದೆ. ಕಣ್ಣಿನ ಸುತ್ತ, ಮುಂದೆ ಎಲ್ಲಾ ಬಿಳಿ ಗರಿಯೇ. ಕಾಲೂ ಕಿತ್ತಳೆ.

ಹಿನ್ನೀರ ಹಕ್ಕಿ (ಬಾಗಲಕೋಟೆ):
ಹಾಗಿದ್ದರೆ ಅನುಮಾನ ಬೇಡ. ನಿಮ್ಮ ಮಾವ ಹೇಳಿದ್ದು ಹೆಚ್ಚು ಕಡಿಮೆ ಸರಿ. ಇದು ಚೀನಾ ಹೆಬ್ಬಾತು, ಮನೆಯಲ್ಲಿ ಸಾಕುವ ತಳಿ. ರೆಸಾರ್ಟು, ಫಾರ್ಮ್‌ಹೌಸುಗಳಲ್ಲಿ ಹಂಸ ಅಂತ ತೋರಿಸುವುದು ಬಹಳ ಸಲ ಇದನ್ನೇ.

ನೀವು ನೆಟ್‌ನಲ್ಲಿ ನೋಡಿದ್ದು ಮ್ಯೂಟ್ ಸ್ವಾನ್, ಯುರೋಪಿನ ಕೆರೆಗಳಲ್ಲಿ ತೇಲುವ ಬಿಳಿ ಹಂಸ. ಅದಕ್ಕೂ ಕಿತ್ತಳೆ ಕೊಕ್ಕು, ಅದಕ್ಕೂ ಗಂಟು. ಎಲ್ಲರೂ ಏಮಾರುವುದು ಇಲ್ಲಿಯೇ. ಆದರೆ ಅದರ ಗಂಟು ಕಪ್ಪು. ಗಂಟಿನಿಂದ ಕಣ್ಣಿನವರೆಗೆ ಗರಿಯಿಲ್ಲದ ಕಪ್ಪು ಚರ್ಮ ತ್ರಿಕೋನದ ಆಕಾರದಲ್ಲಿ ಇರುತ್ತದೆ. ಬೆಳೆದ ಹಂಸ ಯಾವುದೇ ಇರಲಿ, ಕಣ್ಣಿಗೂ ಕೊಕ್ಕಿಗೂ ನಡುವೆ ಬೋಳು. ಹೆಬ್ಬಾತಿಗೆ ಆ ಜಾಗದಲ್ಲಿ ಗರಿ ಇರುತ್ತದೆ. ಮುಖ ಒಂದು ಸರಿಯಾಗಿ ಕಂಡರೆ ಸಾಕು, ಉಳಿದದ್ದೆಲ್ಲ ಆಮೇಲೆ.

ಕುತ್ತಿಗೆ ಉದ್ದ ಇದೆ ಅಂತ ನಂಬಬೇಡಿ. ಚೀನಾ ಹೆಬ್ಬಾತಿನ ಮೂಲ ಪೂರ್ವ ಏಷ್ಯಾದ ಒಂದು ಕಾಡು ಹೆಬ್ಬಾತು. ಅದರ ಕುತ್ತಿಗೆಯೇ ಉಳಿದ ಹೆಬ್ಬಾತುಗಳಿಗಿಂತ ಉದ್ದ. ಯುರೋಪಿನ ಸಾಕು ಹೆಬ್ಬಾತುಗಳು ಗ್ರೇಲ್ಯಾಗ್ ಅನ್ನುವ ಬೂದು ಹೆಬ್ಬಾತಿನಿಂದ ಬಂದವು. ಅವುಗಳಿಗೆ ಗಂಟು ಇರುವುದಿಲ್ಲ, ಕುತ್ತಿಗೆ ಗಿಡ್ಡ ಮತ್ತು ದಪ್ಪ. ಕುತ್ತಿಗೆಯ ಗರಿಯಲ್ಲಿ ಬಾಚಣಿಗೆ ಎಳೆದ ಹಾಗೆ ಉದ್ದುದ್ದ ಗೀರು ಇರುತ್ತದೆ. ಗೀರು ಕಂಡರೆ ಹೆಬ್ಬಾತು ಅಂತ ಖಚಿತ. ಕಾಣದಿದ್ದರೆ ಹಂಸ ಅಂತ ಹೇಳಲು ಬರುವುದಿಲ್ಲ, ಯಾಕಂದ್ರೆ ಚೀನಾ ಹೆಬ್ಬಾತಿನ ಕುತ್ತಿಗೆ ನುಣುಪು.

ಬಿಳಿ ಬಣ್ಣವನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ. ಜಗತ್ತಿನಲ್ಲಿ ಹಂಸದ ಪ್ರಭೇದ ಇರುವುದು ಆರು. ಅದರಲ್ಲಿ ಆಸ್ಟ್ರೇಲಿಯಾದ್ದು ಮೈಯೆಲ್ಲಾ ಕಪ್ಪು, ಕೊಕ್ಕು ಕೆಂಪು. ದಕ್ಷಿಣ ಅಮೆರಿಕದ ಒಂದಕ್ಕೆ ಮೈ ಬಿಳಿ, ಕುತ್ತಿಗೆ ಕಪ್ಪು. ಸೈಬೀರಿಯಾ ಕಡೆಯ ಹಂಸಗಳಿಗೆ ಗಂಟೇ ಇಲ್ಲ, ಕೊಕ್ಕು ಹಳದಿ ಮತ್ತು ಕಪ್ಪು. ಇತ್ತ ಸಾಕು ಹೆಬ್ಬಾತು, ಸಾಕು ಬಾತು ಎರಡರಲ್ಲೂ ಅಚ್ಚ ಬಿಳಿ ತಳಿಗಳಿವೆ.

ಲೆನ್ಸ್ ಹುಡುಗ (ವಿಜಯಪುರ):
ಸರ್, ಮುಖ ಕಾಣದಷ್ಟು ದೂರ ಇದ್ದರೆ? ನನ್ನ ಹತ್ತಿರ ಇರುವುದು ಸಣ್ಣ ಲೆನ್ಸು.

ಪಶುವೈದ್ಯ (ಅಥಣಿ):
ದೂರದಿಂದ ನಡಿಗೆ ನೋಡಿ. ಹೆಬ್ಬಾತಿನ ಕಾಲು ಮೈಯ ನಡುಭಾಗಕ್ಕೆ ಹತ್ತಿರ. ಹಾಗಾಗಿ ಅದು ನೆಲದ ಮೇಲೆ ಸಲೀಸಾಗಿ ನಡೆಯುತ್ತದೆ, ಓಡುತ್ತದೆ, ದನದ ಹಾಗೆ ಹುಲ್ಲು ಮೇಯುತ್ತದೆ. ಹಂಸದ ಕಾಲು ಗಿಡ್ಡ, ಹಿಂದಕ್ಕೆ ಇರುತ್ತದೆ. ಈಜಲು ಅದು ಲಾಭ, ನಡೆಯಲು ತ್ರಾಸು. ದಂಡೆಗೆ ಬಂದರೆ ಹಂಸ ಒಂದೊಂದು ಹೆಜ್ಜೆಗೂ ಅತ್ತಿತ್ತ ಹೊಯ್ದಾಡುತ್ತದೆ. ಅದರ ಊಟವೂ ಹೆಚ್ಚಾಗಿ ನೀರಿನೊಳಗೇ. ಉದ್ದ ಕುತ್ತಿಗೆಯನ್ನು ಕೆಳಗೆ ಇಳಿಸಿ ತಳದ ಗಿಡ ಕಿತ್ತು ತಿನ್ನುತ್ತದೆ.

ಕುತ್ತಿಗೆಯ ಲೆಕ್ಕ ನನಗೆ ಇಷ್ಟವಾದ ವಿಷಯ, ಹೇಳಿಬಿಡುತ್ತೇನೆ. ಮನುಷ್ಯನಿಗೂ ಜಿರಾಫೆಗೂ ಕುತ್ತಿಗೆಯಲ್ಲಿ ಏಳೇ ಮೂಳೆ. ಹಂಸಕ್ಕೆ 22ರಿಂದ 25. ಹೆಬ್ಬಾತಿಗೆ ಹಂಸಕ್ಕಿಂತ ಕಡಿಮೆ. ಹಂಸದ ಕುತ್ತಿಗೆ ಅಷ್ಟು ಚಂದ ಬಳುಕುವುದು ಇದೇ ಕಾರಣಕ್ಕೆ. ಮ್ಯೂಟ್ ಸ್ವಾನ್ ನೀರಿನಲ್ಲಿದ್ದಾಗ ಕುತ್ತಿಗೆ ಬಾಗಿಸಿ ಕೊಕ್ಕನ್ನು ಕೆಳಮುಖ ಮಾಡಿಕೊಂಡಿರುತ್ತದೆ. ಹೆಬ್ಬಾತು ಕುತ್ತಿಗೆಯನ್ನು ನೇರ ನಿಲ್ಲಿಸುತ್ತದೆ. ಆದರೆ ಸೈಬೀರಿಯಾದ ಹಂಸಗಳೂ ಕುತ್ತಿಗೆ ನೇರ ಇಟ್ಟುಕೊಳ್ಳುತ್ತವೆ. ಅದಕ್ಕೇ ಇದೊಂದನ್ನೇ ನೆಚ್ಚಬಾರದು.

ತೂಕದಲ್ಲಿ ಹೋಲಿಕೆಯೇ ಇಲ್ಲ. ಗಂಡು ಮ್ಯೂಟ್ ಸ್ವಾನ್ 10-12 ಕೆ.ಜಿ. ತೂಗುತ್ತದೆ, ರೆಕ್ಕೆ ಬಿಚ್ಚಿದರೆ ಎರಡು ಮೀಟರ್ ದಾಟುತ್ತದೆ. ಚೀನಾ ಹೆಬ್ಬಾತು ನಾಲ್ಕೈದು ಕೆ.ಜಿ. ಅಷ್ಟೇ.

ಗುಮ್ಮಟ ನಗರಿ (ವಿಜಯಪುರ):
ಡಾಕ್ಟರೇ, ಹಂಸ ರೆಕ್ಕೆಯಿಂದ ಹೊಡೆದರೆ ಮನುಷ್ಯನ ಕೈ ಮುರಿಯುತ್ತದಂತೆ, ನಿಜವಾ?

ಪಶುವೈದ್ಯ (ಅಥಣಿ):
ಜಾಸ್ತಿ ಮಾಡಿ ಹೇಳುವ ಮಾತು. ಗೂಡಿನ ಹತ್ತಿರ ಹೋದರೆ ರೆಕ್ಕೆ ಬಿಚ್ಚಿ ಮೈಮೇಲೆ ಬರುತ್ತದೆ. ಪೆಟ್ಟು ಜೋರೇ ಬೀಳುತ್ತದೆ. ಆದರೆ ಹಕ್ಕಿಯ ಮೂಳೆ ಹಗುರ. ಆರೋಗ್ಯವಾಗಿರುವ ದೊಡ್ಡವರ ಕೈ ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ. ನಾನು ಔಷಧಿ ಹಚ್ಚಿದ್ದೆಲ್ಲ ಹೆಬ್ಬಾತು ಕಚ್ಚಿದವರಿಗೇ. ಅಂದರೆ ನನಗೇ.

ಖಾನಾಪುರದ ಅಕ್ಕ (ಬೆಳಗಾವಿ):
ನಮ್ಮ ತವರಿನಲ್ಲಿ ಈ ಗಂಟಿನ ಹೆಬ್ಬಾತುಗಳನ್ನು ಬಹಳ ವರ್ಷದಿಂದ ಸಾಕಿದ್ದೇವೆ. ಜಮಖಂಡಿ ತಮ್ಮಾ, ಹಂಸ ಅಲ್ಲ ಅಂತ ಬೇಜಾರು ಬೇಡ. ರೇಟು ಮಾತ್ರ ಹಂಸದ್ದು ಕೊಡಬೇಡ.

ಮೊದಲು ಸದ್ದಿನ ವಿಷಯ. ಚೀನಾ ಹೆಬ್ಬಾತು ಸುಮ್ನೆ ಇರುವ ಹಕ್ಕಿಯಲ್ಲ. ಗೇಟಿನಲ್ಲಿ ಸೈಕಲ್ ನಿಂತರೂ ಕೂಗು, ಹಾಲಿನವನು ಬಂದರೂ ಕೂಗು. ಮನೆ ಕಾಯಲು ನಾಯಿಗಿಂತ ಮೇಲು ಅಂತ ನಮ್ಮ ಅಪ್ಪ ಹೇಳುತ್ತಿದ್ದರು. ರಾತ್ರಿ ಹಾವು ಬಂದರೂ, ಬೆಕ್ಕು ಬಂದರೂ ಎಚ್ಚರಿಸುತ್ತವೆ. ಪಕ್ಕದ ಮನೆಯವರಿಗೆ ಇದು ಹಿಡಿಸದೇ ಇರಬಹುದು, ಯೋಚನೆ ಮಾಡು.

ಹುಲ್ಲು ಚೆನ್ನಾಗಿ ಮೇಯುತ್ತವೆ, ಬದುವಿನ ಕಳೆ ಕಡಿಮೆಯಾಗುತ್ತದೆ. ಆದರೆ ಎಳೆ ಕಬ್ಬಿಗೆ ಬಿಡಬೇಡ. ಕಬ್ಬೂ ಹುಲ್ಲಿನ ಜಾತಿಯೇ ಅಲ್ವಾ, ಸುಳಿಯನ್ನೇ ಚಿವುಟುತ್ತವೆ. ಕಳೆನಾಶಕ ಹೊಡೆದ ಕಡೆಗಂತೂ ಬಿಡಲೇಬೇಡ.

ಇನ್ನೊಂದು ಮುಖ್ಯ. ನಿನ್ನ ಕೃಷಿಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದೀಯಾ? ಹಾಸಿದ್ದರೆ ಒಳಗೆ ಇಳಿದ ಹಕ್ಕಿ ಮೇಲೆ ಹತ್ತಲು ಆಗುವುದಿಲ್ಲ. ಕಾಲು ಜಾರುತ್ತದೆ. ಮರಿಗಳಾದರೆ ಈಜಿ ಸುಸ್ತಾಗಿ ಸತ್ತೇ ಹೋಗುತ್ತವೆ. ಒಂದು ಮೂಲೆಯಲ್ಲಿ ಹಲಗೆಗೆ ಅಡ್ಡಪಟ್ಟಿ ಹೊಡೆದು ಇಳಿಜಾರು ಮಾಡಿ ಇಡು. ಇಲ್ಲವೇ ಹಳೆಯ ಗೋಣಿಚೀಲ ಹೊಲಿದು ನೀರಿನವರೆಗೆ ಇಳಿಬಿಡು.

ಕಬ್ಬಿನ ತೋಟ (ಜಮಖಂಡಿ):
ಹಾಳೆ ಹಾಸಿದ್ದೇವೆ ಅಕ್ಕಾವರೇ. ಇದು ನನ್ನ ತಲೆಗೇ ಬಂದಿರಲಿಲ್ಲ. ಗಂಡು ಹೆಣ್ಣು ಹೇಗೆ ಗುರುತಿಸುವುದು? ಅವನು ಜೋಡಿ ಅಂತ ಹೇಳಿ ಎರಡೂ ಗಂಡು ಕೊಟ್ಟರೆ?

ಖಾನಾಪುರದ ಅಕ್ಕ (ಬೆಳಗಾವಿ):
ವಯಸ್ಸಿಗೆ ಬಂದ ಗಂಡಿಗೆ ಗಂಟು ದೊಡ್ಡದು, ಕುತ್ತಿಗೆಯೂ ಉದ್ದ. ದನಿ ಕೀಚಲು. ಹೆಣ್ಣಿನ ದನಿ ದಪ್ಪ. ಸಣ್ಣ ಮರಿಯಲ್ಲಿ ಇದು ಯಾವುದೂ ನಡೆಯುವುದಿಲ್ಲ. ಬಾಲದ ಕೆಳಗೆ ಬಿಡಿಸಿ ನೋಡಬೇಕು, ಅದು ಡಾಕ್ಟರ ಕೆಲಸ.

ಪಶುವೈದ್ಯ (ಅಥಣಿ):
ತಂದು ತೋರಿಸಿ, ನೋಡಿ ಹೇಳುತ್ತೇನೆ. ಮರಿ ಮಾಡಿಸುವ ಆಸೆ ಇದ್ದರೆ ಇನ್ನೊಂದು ಮಾತು. ಹೆಬ್ಬಾತಿನ ಮೊಟ್ಟೆ ಒಡೆಯಲು 28ರಿಂದ 30 ದಿನ ಬೇಕು. ಮ್ಯೂಟ್ ಸ್ವಾನ್‌ಗೆ 35ಕ್ಕಿಂತ ಹೆಚ್ಚು. ಮರಿ ಬಂದಾಗಲೂ ವ್ಯತ್ಯಾಸ ಕಾಣುತ್ತದೆ. ಬಿಳಿ ಹೆಬ್ಬಾತಿನ ಮರಿ ಹಳದಿ. ಬಿಳಿ ಹಂಸದ ಮರಿ ಸಾಮಾನ್ಯವಾಗಿ ಬೂದು, ಪೂರ್ತಿ ಬೆಳ್ಳಗಾಗಲು ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ಮ್ಯೂಟ್ ಸ್ವಾನ್ ಮರಿಗಳು ಅಪ್ಪ ಅಮ್ಮನ ಬೆನ್ನೇರಿ ಸವಾರಿ ಮಾಡುತ್ತವೆ. ಹೆಬ್ಬಾತಿನ ಮರಿಗಳಿಗೆ ಆ ಭಾಗ್ಯ ಇಲ್ಲ, ಸಾಲಾಗಿ ಹಿಂದೆ ಈಜಬೇಕು.

ನಿವೃತ್ತ ಮಾಸ್ತರ (ಬಾದಾಮಿ):
ಎಲ್ಲರೂ ವಿಜ್ಞಾನ ಹೇಳಿದಿರಿ, ಸಂತೋಷ. ನನ್ನದೊಂದು ತಕರಾರು ಇದೆ. ನೀವು ಹಂಸ ಅಂದ ಕೂಡಲೇ ಯುರೋಪಿನ ಬಿಳಿ ಹಕ್ಕಿಯನ್ನು ತಂದು ನಿಲ್ಲಿಸುತ್ತೀರಿ. ನಮ್ಮ ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ ಶಾಸನ ಇದೆ, ಕ್ರಿ.ಶ. 578ರದು, ಅವನ ಅಣ್ಣ ಕೀರ್ತಿವರ್ಮನ ಆಳ್ವಿಕೆಯ ಕಾಲದ್ದು. ಅದೇ ಗುಹೆಯ ಚಾವಣಿಯಲ್ಲಿ ಹಂಸವಾಹನ ಬ್ರಹ್ಮ ಇದ್ದಾನೆ. ಹಳೇಬೀಡಿಗೆ ಹೋದರೆ ಗೋಡೆಯ ಪಟ್ಟಿಕೆಯಲ್ಲಿ ಹಂಸದ ಸಾಲೇ ಇದೆ. ಅವುಗಳನ್ನು ನಿಂತು ನೋಡಿ. ಮೈ ತುಂಬಿಕೊಂಡಿದೆ, ಕಾಲು ಗಟ್ಟಿ, ನೆಲದ ಮೇಲೆ ಹೆಜ್ಜೆ ಹಾಕುತ್ತಿವೆ. ಹಂಸದ ನಡಿಗೆ ಅಂತ ಕವಿಗಳು ಹೆಣ್ಣಿನ ನಡಿಗೆಯನ್ನು ಹೊಗಳಿದರಲ್ಲ, ಡಾಕ್ಟರು ಹೇಳಿದಂತೆ ಹೊಯ್ದಾಡುವ ಹಕ್ಕಿಯನ್ನು ನೋಡಿ ಹೊಗಳಿರುತ್ತಾರಾ? ಅವರು ನೋಡಿದ್ದು ಹೆಬ್ಬಾತನ್ನೇ ಅಂತ ನನ್ನ ವಾದ. ಇದು ನನ್ನ ಹೊಸ ಮಾತೇನೂ ಅಲ್ಲ. ಡಚ್ ವಿದ್ವಾಂಸ ವೋಗೆಲ್ ಇದರ ಮೇಲೇ ಒಂದು ಪುಸ್ತಕ ಬರೆದರು, ಅವರು ತೀರಿಕೊಂಡ ಮೇಲೆ 1962ರಲ್ಲಿ ಅದು ಪ್ರಕಟವಾಯಿತು.

ಇನ್ನೊಂದು ಸಾಕ್ಷಿ. ಹಂಸಗಳು ಮಾನಸ ಸರೋವರಕ್ಕೆ ಹೋಗುತ್ತವೆ ಅಂತ ಹಳೆಯ ಕಾವ್ಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮ ನಾಡಿನಲ್ಲಿ ಚಳಿಗಾಲ ಕಳೆದು, ಬೇಸಿಗೆಯಲ್ಲಿ ಟಿಬೆಟ್ ಕಡೆ ಹೋಗಿ ಮರಿ ಮಾಡುವ ಹಕ್ಕಿ ಯಾವುದು? ಹಿನ್ನೀರಿನವರೇ, ನೀವೇ ಹೇಳಿ.

ಹಿನ್ನೀರ ಹಕ್ಕಿ (ಬಾಗಲಕೋಟೆ):
ಮಾಸ್ತರೇ, ನನ್ನ ಪ್ರೀತಿಯ ಹಕ್ಕಿಯ ಹತ್ತಿರವೇ ಬಂದಿರಿ. ಪಟ್ಟೆತಲೆ ಹೆಬ್ಬಾತು. ನವೆಂಬರ್ ಹೊತ್ತಿಗೆ ಆಲಮಟ್ಟಿ ಹಿನ್ನೀರಿಗೆ ಬರುತ್ತದೆ, ಮಾರ್ಚ್ ಹೊತ್ತಿಗೆ ಜಾಗ ಖಾಲಿ ಮಾಡುತ್ತದೆ. ಮರಿ ಮಾಡುವುದು ಟಿಬೆಟ್, ಮಂಗೋಲಿಯಾ, ನಮ್ಮ ಲಡಾಖಿನ ಎತ್ತರದ ಸರೋವರಗಳಲ್ಲಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ.

ಬೂದು ಮೈ, ಬಿಳಿ ತಲೆ, ತಲೆಯ ಹಿಂಬದಿಗೆ ಅಡ್ಡಲಾಗಿ ಎರಡು ಕಪ್ಪು ಪಟ್ಟೆ. ಕೊಕ್ಕು ಹಳದಿ, ತುದಿ ಕಪ್ಪು. ಕಾಲೂ ಹಳದಿ-ಕಿತ್ತಳೆ. ತೂಕ ಎರಡು ಮೂರು ಕೆ.ಜಿ. ಗುಂಪಿನಲ್ಲಿ ತಲೆಗೆ ಪಟ್ಟೆ ಇಲ್ಲದ, ನೆತ್ತಿ ಕಂದಾದ ಹಕ್ಕಿಗಳೂ ಸಿಗುತ್ತವೆ. ಬೇರೆ ಜಾತಿ ಅಂತ ತಿಳಿಯಬೇಡಿ. ಅವು ಅದೇ ವರ್ಷದ ಮರಿಗಳು. ಮೊದಲ ಚಳಿಗಾಲ ತಂದೆ ತಾಯಿಯ ಜೊತೆಯಲ್ಲೇ ಬರುತ್ತವೆ. ಸ್ವಲ್ಪ ಹೊತ್ತು ನೋಡಿದರೆ ಯಾವ ಮರಿ ಯಾವ ಜೋಡಿಯದು ಅಂತ ಗೊತ್ತಾಗುತ್ತದೆ.

ಹಿಮಾಲಯ ದಾಟುವ ವಿಷಯದಲ್ಲಿ ಮಾತ್ರ ಜನ ಉತ್ಪ್ರೇಕ್ಷೆ ಮಾಡುತ್ತಾರೆ. ಎವರೆಸ್ಟ್ ಮೇಲೆಯೇ ಹಾರುತ್ತದೆ ಅಂತ. ಉಪಗ್ರಹ ಟ್ಯಾಗ್ ಹಾಕಿ ನೋಡಿದಾಗ ಸಿಕ್ಕ ಹೆಚ್ಚಿನ ಎತ್ತರ 7,290 ಮೀಟರ್. ಸಾಮಾನ್ಯವಾಗಿ ಅವು ಕಣಿವೆ ಹಿಡಿದು ಇನ್ನೂ ಕೆಳಗೇ ಹೋಗುತ್ತವೆ. ಅದೂ ಸಣ್ಣ ಮಾತಲ್ಲ. ಅಲ್ಲಿ ಗಾಳಿ ತೆಳು. ಅವುಗಳ ರಕ್ತದ ಹಿಮೋಗ್ಲೋಬಿನ್ ಬೇರೆ ಹೆಬ್ಬಾತುಗಳಿಗಿಂತ ಬಿಗಿಯಾಗಿ ಆಮ್ಲಜನಕ ಹಿಡಿಯುತ್ತದೆ, ಶ್ವಾಸಕೋಶವೂ ದೊಡ್ಡದು.

ಲೆನ್ಸ್ ಹುಡುಗ (ವಿಜಯಪುರ):
ಆದರೆ ಮಾಸ್ತರೇ, ಕಾವ್ಯದ ಹಂಸ ಹಾಲಿನಂಥ ಬಿಳಿ ಅಲ್ವಾ? ಪಟ್ಟೆತಲೆ ಬೂದು. ಅದೂ ಅಲ್ಲದೆ ಹಂಸ ಹೋಗುವುದು ಮಳೆಗಾಲ ಬಂದಾಗ ಅಂತ ಕವಿಗಳು ಹೇಳುತ್ತಾರೆ. ನಮ್ಮಲ್ಲಿ ಮಾರ್ಚ್‌ಗೇ ಕೆರೆ ಖಾಲಿ.

ನಿವೃತ್ತ ಮಾಸ್ತರ (ಬಾದಾಮಿ):
ಒಳ್ಳೆಯ ಪ್ರಶ್ನೆ ತಮ್ಮಾ. ಕವಿ ಪಂಚಾಂಗ ನೋಡಿ ಬರೆಯುವುದಿಲ್ಲ. ಬಣ್ಣದ ವಿಷಯದಲ್ಲಿ ನಿನ್ನ ಮಾತಿಗೆ ತೂಕ ಇದೆ. ಬಿಸಿಲಿನಲ್ಲಿ ಹಾರುವಾಗ ಪಟ್ಟೆತಲೆ ಬಹಳ ತಿಳಿಯಾಗಿ ಕಾಣುತ್ತದೆ ಅಂತ ನಾನು ಸಮಾಧಾನ ಮಾಡಿಕೊಂಡಿದ್ದೇನೆ. ನೀನು ಒಪ್ಪಬೇಕು ಅಂತೇನಿಲ್ಲ.

ಹಿನ್ನೀರ ಹಕ್ಕಿ (ಬಾಗಲಕೋಟೆ):
ನಾನು ಅರ್ಧ ಒಪ್ಪುತ್ತೇನೆ. ನಿಜವಾದ ಹಂಸಗಳು ಭಾರತಕ್ಕೆ ಬರುವುದು ಅಪರೂಪ. ದಾರಿ ತಪ್ಪಿದ ಹಾಗೆ ವಾಯವ್ಯ ಭಾರತದ ಕಡೆ ಎಂದೋ ಒಮ್ಮೆ ಕಾಣುತ್ತವೆ. ಶಿಲ್ಪಿಗೆ ದಿನಾ ಕಣ್ಣಿಗೆ ಬೀಳುತ್ತಿದ್ದುದು ಹೆಬ್ಬಾತು. ಕವಿ ಅದಕ್ಕೆ ಬಿಳಿ ಬಣ್ಣ ಬಳಿದ. ಹಾಲು ನೀರಿನ ಕತೆಯಂತೂ ಯಾವ ಹಕ್ಕಿಗೂ ಹೊಂದುವುದಿಲ್ಲ. ಹೆಬ್ಬಾತಿನ ಕೊಕ್ಕಿನ ಅಂಚಿನಲ್ಲಿ ಗರಗಸದಂಥ ಹಲ್ಲುಸಾಲು ಇದೆ, ನಿಜ. ಅದು ಹುಲ್ಲು ಕತ್ತರಿಸಲು.

ಗುಮ್ಮಟ ನಗರಿ (ವಿಜಯಪುರ):
ಮತ್ತೆ ಪ್ರತಿ ವರ್ಷ ಪೇಪರಿನಲ್ಲಿ "ಹಿನ್ನೀರಿಗೆ ರಾಜಹಂಸಗಳ ದಂಡು" ಅಂತ ಬರುತ್ತದಲ್ಲ, ಅದು?

ಹಿನ್ನೀರ ಹಕ್ಕಿ (ಬಾಗಲಕೋಟೆ):
ಅದು ಫ್ಲೆಮಿಂಗೊ. ಕೋಲಿನಂಥ ಉದ್ದ ಗುಲಾಬಿ ಕಾಲು, ನಡುವೆ ಬಾಗಿದ ಕೊಕ್ಕು. ಹಂಸಕ್ಕೂ ಹೆಬ್ಬಾತಿಗೂ ಅದು ನೆಂಟನೇ ಅಲ್ಲ. ಬೇಸಿಗೆಗೆ ಹಿನ್ನೀರು ಇಳಿದು ಕೆಸರು ಬಿಟ್ಟಾಗ ನೋಡಲು ಸಿಗುತ್ತದೆ.

ಲೆನ್ಸ್ ಹುಡುಗ (ವಿಜಯಪುರ):
ಭೂತನಾಳ ಕೆರೆಯಲ್ಲಿ ತೆಗೆದ ಒಂದು ಫೋಟೊ ಇದೆ ಸರ್. ತಲೆ ಬಿಳಿ, ಅದರ ಮೇಲೆ ಕಪ್ಪು ಚುಕ್ಕೆ. ಬೆನ್ನು ಕಪ್ಪು, ಹೊಳೆಯುತ್ತದೆ. ಕೊಕ್ಕಿನ ಮೇಲೆ ದೊಡ್ಡ ಕಪ್ಪು ಗಂಟು. ಗಂಟು ಕಪ್ಪಾದರೆ ಹಂಸ ಅಂದಿರಲ್ಲ?

ಹಿನ್ನೀರ ಹಕ್ಕಿ (ಬಾಗಲಕೋಟೆ):
ಭೇಷ್! ಕಪ್ಪು ಗಂಟಿನ ಜೊತೆ ಕಿತ್ತಳೆ ಕೊಕ್ಕೂ ಇರಬೇಕು, ಮೈ ಬಿಳಿ ಇರಬೇಕು. ನಿಮ್ಮದು ಗಂಟುಕೊಕ್ಕಿನ ಬಾತು, ಗಂಡು. ಹಿಂದಿಯಲ್ಲಿ ನಕ್ಟಾ ಅಂತಾರೆ. ನಮ್ಮ ದೇಶದಲ್ಲೇ ಇರುವ ಹಕ್ಕಿ, ಹೆಣ್ಣಿಗೆ ಗಂಟು ಇರುವುದಿಲ್ಲ. ಗಂಟು ಹಲವು ಹಕ್ಕಿಗಳಿಗೆ ಇದೆ. ಅದಕ್ಕೇ ನಾನು ಗಂಟಿಗಿಂತ ಕಣ್ಣಿನ ಮುಂದಿನ ಬೋಳು ಚರ್ಮಕ್ಕೆ ಹೆಚ್ಚು ಬೆಲೆ ಕೊಡುವುದು.

ಕಬ್ಬಿನ ತೋಟ (ಜಮಖಂಡಿ):
ಮಾರಾಟಗಾರನಿಗೆ ಫೋನ್ ಮಾಡಿ, ಕಣ್ಣಿನ ಮುಂದೆ ಗರಿ ಯಾಕೆ ಇದೆ, ಗಂಟು ಯಾಕೆ ಕಪ್ಪಿಲ್ಲ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಇದು ಇಂಡಿಯನ್ ಹಂಸ ಸರ್" ಅಂದ. ರೇಟು ಅಲ್ಲೇ ಅರ್ಧಕ್ಕೆ ಇಳಿಯಿತು. ಒಂದು ವೇಳೆ ನಿಜವಾದ ಹಂಸವನ್ನೇ ತಂದರೆ ನಮ್ಮ ಬಿಸಿಲಿಗೆ ಬದುಕುತ್ತದಾ?

ಪಶುವೈದ್ಯ (ಅಥಣಿ):
ಅರ್ಧವೂ ಜಾಸ್ತಿಯೇ, ಇನ್ನೂ ಕೇಳಿ. ಮ್ಯೂಟ್ ಸ್ವಾನ್ ತಂಪು ಸೀಮೆಯ ಹಕ್ಕಿ. ಏಪ್ರಿಲ್ ಮೇ ತಿಂಗಳ ನಮ್ಮ 40 ಡಿಗ್ರಿಯಲ್ಲಿ ಅದನ್ನು ಸಣ್ಣ ಹೊಂಡದಲ್ಲಿ ಇಡುವುದು ಹಿಂಸೆ. ಅದಕ್ಕೆ ಅಗಲ ನೀರು ಬೇಕು. ಮೇಲೇಳಬೇಕಾದರೆ ನೀರಿನ ಮೇಲೆ ಬಹಳ ದೂರ ಓಡಬೇಕು. ತಿನ್ನಲು ನೀರಿನ ಗಿಡ ಬೇಕು, ನಿಮ್ಮ ಪ್ಲಾಸ್ಟಿಕ್ ಹೊಂಡದಲ್ಲಿ ಅದೆಲ್ಲಿ ಬೆಳೆಯುತ್ತದೆ? ಮಕ್ಕಳಿಗೆ ಹಂಸ ತೋರಿಸಲೇಬೇಕು ಅಂದರೆ ಮೈಸೂರು ಮೃಗಾಲಯಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಕಪ್ಪು ಹಂಸ ನೋಡಿದ್ದೇನೆ.

ಮತ್ತೊಂದು ಎಚ್ಚರಿಕೆ. ಯಾರಾದರೂ ಬೂದು ಮೈಯ, ತಲೆಗೆ ಪಟ್ಟೆ ಇರುವ ಹೆಬ್ಬಾತು ಮಾರಲು ಬಂದರೆ ಮುಟ್ಟಬೇಡಿ. ಅದು ಕಾಡು ಹಕ್ಕಿ. ಹಿಡಿಯುವುದು, ಸಾಕುವುದು, ಕೊಳ್ಳುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಚೀನಾ ಹೆಬ್ಬಾತು ಕೋಳಿಯಂತೆ ಸಾಕುಪ್ರಾಣಿ, ಅದಕ್ಕೆ ತೊಂದರೆ ಇಲ್ಲ.

ಖಾನಾಪುರದ ಅಕ್ಕ (ಬೆಳಗಾವಿ):
ತಮ್ಮಾ, ತರುವುದೇ ಆದರೆ ಒಂದು ಗಂಡು, ಎರಡು ಹೆಣ್ಣು ತಾ. ರಾತ್ರಿ ಹೊಂಡದ ಹತ್ತಿರ ಬಿಡಬೇಡ. ನಾಯಿ, ನರಿ ಕಾಟ. ಜಾಳಿಗೆ ಹೊಡೆದ ಗೂಡು, ಕೆಳಗೆ ರವದಿ (ಕಬ್ಬಿನ ಒಣ ಎಲೆ) ಹಾಸಿದರೆ ಸಾಕು. ಕಬ್ಬಿನ ರವದಿಗೆ ನಿನಗೇನು ಬರ? ಒದ್ದೆಯಾದರೆ ಮಾತ್ರ ತೆಗೆದು ಹೊಸದು ಹಾಕು.

ಕಬ್ಬಿನ ತೋಟ (ಜಮಖಂಡಿ):
ಆಯ್ತು ಅಕ್ಕಾವರೇ. ಮೂರು ಹೇಳುತ್ತೇನೆ. ಮೊದಲು ಹಲಗೆ ಹೊಡೆಸುತ್ತೇನೆ. ಮಕ್ಕಳಿಗೆ ಪಟ್ಟೆತಲೆಯನ್ನೂ ತೋರಿಸಬೇಕು ಅನಿಸಿದೆ. ಯಾವ ಕಡೆ, ಯಾವಾಗ ಬರಬೇಕು?

ಹಿನ್ನೀರ ಹಕ್ಕಿ (ಬಾಗಲಕೋಟೆ):
ಡಿಸೆಂಬರ್, ಜನವರಿಯಲ್ಲಿ ಬನ್ನಿ. ಹೆರಕಲ್ ಕಡೆ ಹಿನ್ನೀರಿನ ದಂಡೆಗೆ ಬೆಳಿಗ್ಗೆ ಬೇಗ ತಲುಪಬೇಕು. ರಾತ್ರಿಯೆಲ್ಲ ಹೊಲಗಳಲ್ಲಿ ಮೇಯ್ದು ಬೆಳಗಿನ ಹೊತ್ತು ನೀರಿಗೆ ಮರಳುತ್ತವೆ, ಹಗಲೆಲ್ಲ ದಂಡೆಯಲ್ಲಿ ನಿದ್ದೆ. ಎಳೆ ಪೈರನ್ನೂ ಬಿಡುವುದಿಲ್ಲ ಅಂತ ರೈತರ ಸಿಟ್ಟು ಇದೆ, ಅದು ಸುಳ್ಳೂ ಅಲ್ಲ. ದೂರ ಆದರೂ ಪರವಾಗಿಲ್ಲ ಅಂದರೆ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಇನ್ನೂ ಒಳ್ಳೆಯದು. 2024ರಲ್ಲಿ ಅದಕ್ಕೆ ರಾಮ್ಸರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಅನ್ನುವ ಮನ್ನಣೆ ಸಿಕ್ಕಿದೆ, ಹಕ್ಕಿಗಳು ಹತ್ತಿರದಿಂದಲೇ ಕಾಣುತ್ತವೆ.

ಬಿಳಿ ಅಂಗಿ, ಕೆಂಪು ಅಂಗಿ ಹಾಕಬೇಡಿ. ಗಾಡಿ ದೂರ ನಿಲ್ಲಿಸಿ ನಡೆದು ಬನ್ನಿ. ಹಕ್ಕಿಗಳು ಕುತ್ತಿಗೆ ಎತ್ತಿ ನಿಂತರೆ ನೀವು ಜಾಸ್ತಿ ಹತ್ತಿರ ಬಂದಿರಿ ಅಂತ ಅರ್ಥ, ಅಲ್ಲೇ ಕುಳಿತುಬಿಡಿ. ದುರ್ಬೀನು ನಾನು ತರುತ್ತೇನೆ.

ಗುಮ್ಮಟ ನಗರಿ (ವಿಜಯಪುರ):
ನಾನೂ ಬರುತ್ತೇನೆ. ಹಾಲು ತರಲಾ?

ನಿವೃತ್ತ ಮಾಸ್ತರ (ಬಾದಾಮಿ):
ಹಾಲು ಬೇಡ, ಚಹಾ ತನ್ನಿ.